ಇಲ್ಲೇ ಪೇಟೆಗೆ ಹೋಗಲು ಹೆಲ್ಮೆಟ್ ಯಾಕೆ?

ಬೆಳ್ಮಣ್ ಪೇಟೆಯಲ್ಲಿ ಬೆಳಿಗ್ಗೆ ಓಡಾಡುವ ಬೈಕು, ಸ್ಕೂಟರುಗಳನ್ನು ಸ್ವಲ್ಪ ಹೊತ್ತು ಗಮನಿಸಿದರೆ ಊರಿನವರೇ ಮಾಡಿಕೊಂಡ ಒಂದು ಕಾನೂನು ಕಣ್ಣಿಗೆ ಬೀಳುತ್ತದೆ. ಪಡುಬಿದ್ರಿ ದಾಟಿ ಉಡುಪಿಗೋ ಮಂಗಳೂರಿಗೋ ಹೋಗುವವರು ಹೆಲ್ಮೆಟ್ ಹಾಕಿರುತ್ತಾರೆ. ನಂದಳಿಕೆಯಿಂದಲೋ ಇನ್ನಾದಿಂದಲೋ ಡೈರಿಗೆ, ಸೊಸೈಟಿಗೆ, ಮೀನಿಗೆ ಎಂದು ಬಂದವರ ತಲೆ ಖಾಲಿ. ಕೇಳಿದರೆ ಉತ್ತರ ಸಿದ್ಧ: "ಇಲ್ಲೇ ಪೇಟೆಗೆ ಅಲ್ವಾ ಮಾರಾಯ್ರೆ." ಈ ಉತ್ತರದಲ್ಲಿ ಎರಡು ಅಳತೆಗೋಲುಗಳಿವೆ. ಒಂದು ದೂರ, ಇನ್ನೊಂದು ಪೊಲೀಸು. ದೂರ ಹೋಗುವುದಿದ್ದರೆ, ದಾರಿಯಲ್ಲಿ ಪೊಲೀಸರು ಸಿಗುವ ಸಂಭವವಿದ್ದರೆ ಹೆಲ್ಮೆಟ್ ಬೇಕು. ಇಲ್ಲದಿದ್ದರೆ ಅದು ಜಗಲಿಯ ಮೊಳೆಯಲ್ಲೇ ಇರಲಿ. ಸವಾರರ ಅಜ್ಞಾನ, ಉಡಾಫೆ ಎಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಇದು ಅಜ್ಞಾನವಲ್ಲ, ಲೆಕ್ಕಾಚಾರವೇ. ತಪ್ಪಿರುವುದು ಅಳತೆಗೋಲಿನಲ್ಲಿ. ಬಿದ್ದಾಗ ತಲೆಗೆ ಏನಾಗುತ್ತದೆ ಎಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ತಲೆ ಎಷ್ಟು ಎತ್ತರದಲ್ಲಿತ್ತು, ನೆಲ ಎಷ್ಟು ಗಟ್ಟಿಯಿತ್ತು ಎಂಬ ಎರಡು ಸಂಗತಿಗಳು. ಇವೆರಡೂ ಊರ ಒಳರಸ್ತೆಯಲ್ಲೂ ರಾಷ್ಟ್ರೀಯ ಹೆದ್ದಾರಿ 66ರಲ್ಲೂ ಒಂದೇ.

ಸ್ಕೂಟರಿನಲ್ಲಿ ಕುಳಿತವರ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಮೇಲಿರುತ್ತದೆ. ಅಷ್ಟು ಎತ್ತರದಿಂದ ಬಿದ್ದ ಯಾವ ವಸ್ತುವಾದರೂ ನೆಲ ಮುಟ್ಟುವ ಹೊತ್ತಿಗೆ ಗಂಟೆಗೆ ಸುಮಾರು 20 ಕಿ.ಮೀ. ವೇಗ ಪಡೆದಿರುತ್ತದೆ, ಹೈಸ್ಕೂಲಿನ ಭೌತಶಾಸ್ತ್ರದ ಲೆಕ್ಕವಿದು. ಗಾಡಿ ನಿಂತಲ್ಲೇ ಮಗುಚಿದರೂ ತಲೆಗೆ ಈ ವೇಗ ತಾನಾಗಿ ಬರುತ್ತದೆ, ಎಕ್ಸಲರೇಟರ್ ತಿರುಗಿಸಬೇಕೆಂದೇ ಇಲ್ಲ. ಬರಿ ತಲೆ ಕಾಂಕ್ರೀಟಿಗೆ ಬಡಿದರೆ ನಿಲ್ಲಲು ಅದಕ್ಕೆ ಸಿಗುವ ಜಾಗ ಕೆಲವೇ ಮಿಲಿಮೀಟರ್. ಐದು ಮಿ.ಮೀ. ಎಂದಿಟ್ಟುಕೊಂಡರೆ ಮಿದುಳಿನ ಮೇಲೆ ಬೀಳುವ ಒತ್ತಡ ಗುರುತ್ವದ 300 ಪಟ್ಟು. ಹೆಲ್ಮೆಟ್ಟಿನೊಳಗಿನ ಥರ್ಮಾಕೋಲ್ ಪದರ 25 ಮಿ.ಮೀ. ಕುಸಿದುಕೊಟ್ಟರೆ ಅದೇ ಒತ್ತಡ 60 ಪಟ್ಟಿಗೆ ಇಳಿಯುತ್ತದೆ. ಹೊರಗಿನ ಗಟ್ಟಿ ಚಿಪ್ಪಿಗಿಂತ ಒಳಗಿನ ಈ ಮೆದು ಪದರವೇ ದೊಡ್ಡ ಕೆಲಸ ಮಾಡುವುದು. ಒಮ್ಮೆ ಕುಸಿದ ಪದರ ಮತ್ತೆ ಮೊದಲಿನಂತೆ ಉಬ್ಬುವುದಿಲ್ಲ. ಅದಕ್ಕೇ ಒಂದು ಸಲ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ ಬದಲಿಸಲೇಬೇಕು. "ಎಂಬತ್ತರಲ್ಲಿ ಬಿದ್ದರೆ ಹೆಲ್ಮೆಟ್ ಏನು ಮಾಡೀತು?" ಎನ್ನುವವರಿಗೂ ಇದೇ ಲೆಕ್ಕದಲ್ಲಿ ಉತ್ತರವಿದೆ. ವೇಗದಲ್ಲಿ ಬಿದ್ದವರು ಬಹಳ ಸಲ ರಸ್ತೆಯ ಮೇಲೆ ಜಾರಿಕೊಂಡು ಹೋಗುತ್ತಾರೆ. ಆಗ ತಲೆ ನೆಲಕ್ಕೆ ಬಡಿಯುವುದು ಬಹುಮಟ್ಟಿಗೆ ಅದೇ ಒಂದೂವರೆ ಮೀಟರಿನ ಬಲದಿಂದ. ಎದುರಿಗೆ ಕಂಬವೋ ಡಿವೈಡರೋ ಬಸ್ಸೋ ಸಿಕ್ಕಿದರೆ ಮಾತು ಬೇರೆ. ಅಂಥ ಕಡೆ ಹೆಲ್ಮೆಟ್ ಸೋಲಬಹುದು ಎಂದು ಒಪ್ಪಿಕೊಂಡರೂ, ಪೇಟೆಯ ನಿಧಾನದ ಬೀಳುವಿಕೆಯೇ ಅದು ಅತಿ ಚೆನ್ನಾಗಿ ಕೆಲಸ ಮಾಡುವ ಜಾಗ. ನಾವು ಅದನ್ನು ತೆಗೆದಿಡುವುದೂ ಅಲ್ಲೇ.

ಮನೆ ಹತ್ತಿರದ ದಾರಿ ಸುರಕ್ಷಿತ ಎಂಬ ನಂಬಿಕೆಯನ್ನು ಇತಿಹಾಸದ ಒಂದು ಪ್ರಸಿದ್ಧ ಅಪಘಾತವೂ ಅಲುಗಿಸುತ್ತದೆ. 1935ರ ಮೇ ತಿಂಗಳಲ್ಲಿ 'ಲಾರೆನ್ಸ್ ಆಫ್ ಅರೇಬಿಯಾ' ಎಂದೇ ಹೆಸರಾದ ಟಿ.ಇ. ಲಾರೆನ್ಸ್ ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ತನ್ನ ಮನೆಯ ಹತ್ತಿರದ ಹಳ್ಳಿದಾರಿಯಲ್ಲಿ, ಸೈಕಲ್ಲಿನಲ್ಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬೈಕಿನಿಂದ ಬಿದ್ದ. ಮರುಭೂಮಿಯ ಯುದ್ಧದಿಂದ ಜೀವಂತ ಮರಳಿದವನು ಆರು ದಿನಗಳ ಬಳಿಕ ತಲೆಯ ಪೆಟ್ಟಿನಿಂದ ಸತ್ತ. ಅವನನ್ನು ನೋಡಿದ ವೈದ್ಯರಲ್ಲಿ ಒಬ್ಬರಾದ ನರಶಸ್ತ್ರತಜ್ಞ ಹ್ಯೂ ಕೇರ್ನ್ಸ್ ಮುಂದೆ ಸೇನೆಯ ಬೈಕ್ ಸವಾರರ ತಲೆಪೆಟ್ಟುಗಳನ್ನು ಅಧ್ಯಯನ ಮಾಡಿ 1941ರಲ್ಲಿ ಪ್ರಬಂಧ ಪ್ರಕಟಿಸಿದರು. ಹೆಲ್ಮೆಟ್ ಜೀವ ಉಳಿಸುತ್ತದೆ ಎಂಬ ಮಾತಿಗೆ ವೈದ್ಯಕೀಯ ಆಧಾರ ಗಟ್ಟಿಯಾಗಿ ಸಿಕ್ಕಿದ್ದು ಅಲ್ಲಿಂದ. ಬ್ರಿಟನ್ನಿನಲ್ಲಿ ಎಲ್ಲರಿಗೂ ಅದು ಕಡ್ಡಾಯವಾದದ್ದು ಮಾತ್ರ 1973ರಲ್ಲಿ. ಸಾಕ್ಷ್ಯ ಬೇಗ ಸಿಗುತ್ತದೆ, ಅಭ್ಯಾಸ ಬದಲಾಗುವುದು ನಿಧಾನ. ಬೇರೆ ಬೇರೆ ದೇಶಗಳ 61 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2008ರ ಕೊಕ್ರೇನ್ ಪರಾಮರ್ಶೆಯ ಪ್ರಕಾರ ಹೆಲ್ಮೆಟ್ ಸಾವಿನ ಅಪಾಯವನ್ನು ಸುಮಾರು 42 ಶೇಕಡಾ, ತಲೆಪೆಟ್ಟಿನ ಅಪಾಯವನ್ನು ಸುಮಾರು 69 ಶೇಕಡಾ ತಗ್ಗಿಸುತ್ತದೆ. ನಮ್ಮ ದೇಶದ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತ 1,68,491 ಮಂದಿಯಲ್ಲಿ 74,897 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಆ ವರ್ಷ ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅವರೆಲ್ಲ ಬದುಕುತ್ತಿದ್ದರು ಎನ್ನುವುದು ಉತ್ಪ್ರೇಕ್ಷೆಯಾದೀತು. ಆದರೆ ಪರಾಮರ್ಶೆಯ ಪ್ರಮಾಣವನ್ನೇ ಇಟ್ಟು ಸ್ಥೂಲವಾಗಿ ಗುಣಿಸಿದರೂ ವರ್ಷಕ್ಕೆ 20 ಸಾವಿರ ಜೀವಗಳ ಮಾತಿದು.

ಆ 50,029 ಮಂದಿಯಲ್ಲಿ 14,337 ಮಂದಿ ಹಿಂದೆ ಕುಳಿತವರು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಎಂದು 2016ರ ಜನವರಿಯಲ್ಲೇ ಜಾರಿಗೆ ತಂದಾಗಿದೆ. ನಮ್ಮ ರಸ್ತೆಯ ಚಿತ್ರ ಮಾತ್ರ ಹೆಚ್ಚು ಬದಲಾಗಿಲ್ಲ. ಮುಂದೆ ಗಂಡ ಹೆಲ್ಮೆಟ್ ಹಾಕಿರುತ್ತಾನೆ. ಹಿಂದೆ ಹೆಂಡತಿ ಎರಡೂ ಕಾಲುಗಳನ್ನು ಒಂದೇ ಬದಿಗೆ ಇಳಿಬಿಟ್ಟು, ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಸೆರಗು. ಮಳೆ ಬಂದರೆ ಅದೇ ಕೈಯಲ್ಲಿ ಬಿಡಿಸಿದ ಕೊಡೆ. ಗಾಡಿ ವಾಲಿದರೆ ಹಿಡಿದುಕೊಳ್ಳಲು ಹ್ಯಾಂಡಲ್ಲಾದರೂ ಇರುವುದು ಮುಂದಿನವನಿಗೆ. ರಕ್ಷಣೆ ಹೆಚ್ಚು ಬೇಕಾದವರಿಗೆ ಅದು ಇಲ್ಲ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ ಹೆಲ್ಮೆಟ್, ಸವಾರರಿಗೆ ಬಿಗಿಯುವ ಬೆಲ್ಟು, ಗಂಟೆಗೆ 40 ಕಿ.ಮೀ. ಮಿತಿ ಎಂಬ ಕೇಂದ್ರದ ನಿಯಮ 2023ರ ಫೆಬ್ರವರಿಯಿಂದ ಇದೆ. ಮಗುವಿನ ಅಳತೆಯ ಹೆಲ್ಮೆಟ್ ಕೇಳಿಕೊಂಡು ಅಂಗಡಿಗೆ ಬರುವವರು ಎಷ್ಟು ಮಂದಿ ಎಂದು ಯಾವ ಅಂಗಡಿಯವರನ್ನಾದರೂ ವಿಚಾರಿಸಿ ನೋಡಬಹುದು.

ಹಾಕಿದ ಹೆಲ್ಮೆಟ್ಟೂ ತಲೆಗಾಗಿ ಇದೆಯೋ ಪೊಲೀಸರಿಗಾಗಿ ಇದೆಯೋ ಎಂಬುದು ಗಲ್ಲದ ಕೆಳಗೆ ನೋಡಿದರೆ ಗೊತ್ತಾಗುತ್ತದೆ. ಪಟ್ಟಿ ಗಾಳಿಗೆ ಹಾರುತ್ತಿರುತ್ತದೆ, ಇಲ್ಲವೇ ಕ್ಲಿಪ್ಪಿನ ಒಂದು ಹಲ್ಲು ಮುರಿದು ವರ್ಷವಾಗಿರುತ್ತದೆ. ಬಿದ್ದಾಗ ತಲೆಗೆ ಎಷ್ಟೋ ಸಲ ಒಂದಕ್ಕಿಂತ ಹೆಚ್ಚು ಪೆಟ್ಟು ಬೀಳುತ್ತದೆ. ಬಿಗಿಯದ ಹೆಲ್ಮೆಟ್ ಮೊದಲ ಪೆಟ್ಟಿಗೇ ಕಳಚಿ ಹಾರುತ್ತದೆ, ಎರಡನೆಯದನ್ನು ತಲೆ ನೇರವಾಗಿ ತಿನ್ನುತ್ತದೆ. ಗಲ್ಲಕ್ಕೂ ಪಟ್ಟಿಗೂ ನಡುವೆ ಎರಡು ಬೆರಳು ತೂರುವಷ್ಟು ಬಿಗಿ ಸಾಕು. ಕಟ್ಟಲು ಬೇಕಾಗುವುದು ಎರಡು ಸೆಕೆಂಡು. ರಸ್ತೆ ಬದಿಯಲ್ಲಿ ಹಗ್ಗಕ್ಕೆ ನೇತುಹಾಕಿ ಮಾರುವ ಟೊಪ್ಪಿಯಂಥ ಅರ್ಧ ಹೆಲ್ಮೆಟ್ಟುಗಳಲ್ಲಿ ಎಷ್ಟೋ ಹೆಲ್ಮೆಟ್ಟುಗಳ ಒಳಗೆ ಥರ್ಮಾಕೋಲ್ ಪದರವೇ ಇರುವುದಿಲ್ಲ, ಸ್ಪಂಜು ಮತ್ತು ಬಟ್ಟೆ ಅಷ್ಟೇ. 2021ರ ಜೂನ್ 1ರಿಂದ ಐಎಸ್ಐ ಗುರುತಿಲ್ಲದ ಹೆಲ್ಮೆಟ್ ತಯಾರಿಸುವುದೂ ಮಾರುವುದೂ ಅಪರಾಧ. ಆ ಗುರುತಿನ ಜೊತೆ ಐಎಸ್ 4151 ಎಂಬ ಸಂಖ್ಯೆ ಇದೆಯೇ ಎಂದೂ ನೋಡಬೇಕು. ಜರ್ಮನಿಯ ಸಂಶೋಧಕ ಡೀಟ್ಮಾರ್ ಓಟ್ಟೆ ಅಪಘಾತಗಳಲ್ಲಿ ಪೆಟ್ಟು ಬಿದ್ದ ಹೆಲ್ಮೆಟ್ಟುಗಳನ್ನು ಪರಿಶೀಲಿಸಿದಾಗ ಸುಮಾರು ಮೂರನೇ ಒಂದು ಪಾಲು ಹೊಡೆತ ಬಿದ್ದದ್ದು ಗಲ್ಲದ ಭಾಗಕ್ಕೆ. ಮುಖ ಪೂರ್ತಿ ಮುಚ್ಚದ ಹೆಲ್ಮೆಟ್ ಆ ಪಾಲನ್ನು ಹಲ್ಲಿಗೂ ದವಡೆಗೂ ಬಿಟ್ಟುಕೊಡುತ್ತದೆ.

ತಲೆಯಿಂದ ಕೆಳಗಿನ ಮಾತಿಗೆ ಬಂದರೆ ನಮ್ಮಲ್ಲಿ ಚರ್ಚೆಯೇ ಇಲ್ಲ. ಕರಾವಳಿಯ ಸವಾರನ ಸಮವಸ್ತ್ರ ಎಂದರೆ ಹವಾಯಿ ಚಪ್ಪಲಿ; ಮನೆಯ ಹತ್ತಿರವಾದರೆ ಮೇಲೆತ್ತಿ ಕಟ್ಟಿದ ಲುಂಗಿ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುತ್ತದೆ. ಚರಂಡಿ ತುಂಬಿ ಗುಡ್ಡದ ಕೆಂಪು ಮಣ್ಣು ಡಾಮರಿನ ಮೇಲೆ ಹರಿಯುತ್ತದೆ. ಮಳೆ ಬಿಟ್ಟ ಮೇಲೆ ತಿರುವಿನಲ್ಲಿ ಉಳಿಯುವ ಆ ತೆಳು ಕೆಸರು, ಒಳರಸ್ತೆ ಹೆದ್ದಾರಿಗೆ ಸೇರುವಲ್ಲಿ ಚದುರಿದ ಜಲ್ಲಿ ಎಂಥ ನುರಿತ ಸವಾರನನ್ನೂ ಕೆಡವಬಲ್ಲವು. ಬೀಳುವಾಗ ಮನುಷ್ಯ ಯೋಚಿಸದೆ ಮುಂದೆ ಚಾಚುವುದು ಅಂಗೈಯನ್ನು; ಗಾಡಿಯ ಅಡಿಗೆ ಸಿಗುವುದು ಪಾದ. ಆಸ್ಟ್ರೇಲಿಯದಲ್ಲಿ ಅಪಘಾತಕ್ಕೊಳಗಾದ 212 ಬೈಕ್ ಸವಾರರನ್ನು ಅಧ್ಯಯನ ಮಾಡಿ ಲಿಜ್ ಡಿ ರೋಮ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಬೈಕ್ ಗ್ಲೌಸ್ ಹಾಕಿದವರು ಆಸ್ಪತ್ರೆಗೆ ದಾಖಲಾಗುವ ಸಂಭವ ಹಾಕದವರದರ ಅರ್ಧಕ್ಕಿಂತಲೂ ಕಡಿಮೆ. ಸವಾರಿಗೆಂದೇ ಮಾಡದ ಮಾಮೂಲಿ ಬೂಟು ಕೂಡ ಪಾದದ ಗಾಯವನ್ನು ಗಣನೀಯವಾಗಿ ತಗ್ಗಿಸಿತ್ತು. ಏಪ್ರಿಲ್ ಬಿಸಿಲಿನಲ್ಲಿ ಚರ್ಮದ ಜಾಕೆಟ್ ಹಾಕಿಕೊಂಡು ಶಿರ್ವಕ್ಕೆ ಹೋಗಿ ಎಂದು ಯಾರಿಗೂ ಹೇಳಲಾಗದು. ಗಾಳಿಯಾಡುವ ಜಾಲರಿ ಜಾಕೆಟ್ ಸಿಗುತ್ತದಾದರೂ ಅದು ಎಲ್ಲರ ಕಿಸೆಗೆ ಎಟಕುವುದಿಲ್ಲ. ಆದರೆ ದಪ್ಪ ಪ್ಯಾಂಟು, ಮುಚ್ಚಿದ ಶೂ, ಒಂದು ಜೊತೆ ಗ್ಲೌಸ್ ಹೊರೆಯೇನಲ್ಲ. ಮಳೆಗಾಲದಲ್ಲಿ ತೋಟಕ್ಕೆ ಹಾಕುವ ಗಂಬೂಟಾದರೂ ಹವಾಯಿ ಚಪ್ಪಲಿಗಿಂತ ಮೇಲು.

ಸೆಖೆಯ ಆಕ್ಷೇಪ ನಿಜವಾದದ್ದು. ಬೆವರು, ತುರಿಕೆ, ಮಳೆಯಲ್ಲಿ ಮಂಜಾಗುವ ಗ್ಲಾಸು ಇವನ್ನೆಲ್ಲ ಅಲ್ಲಗಳೆಯುವಂತಿಲ್ಲ. ಆದರೆ ಇದೇ ಊರಿನವರು ಜೂನ್ ತಿಂಗಳಲ್ಲಿ ಒಂದು ಕಿಲೋಮೀಟರಿಗೂ ರೈನ್‌ಕೋಟ್ ಹಾಕದೆ ಗಾಡಿ ಹತ್ತುವುದಿಲ್ಲ. ಒಳಗೆ ಬೆವರುತ್ತದೆ, ಪ್ಯಾಂಟು ಏರಿಸಲು ಐದು ನಿಮಿಷ ಬೇಕು, ಆದರೂ ಹಾಕುತ್ತಾರೆ. "ಇಲ್ಲೇ ಪೇಟೆಗೆ" ಎನ್ನುವುದಿಲ್ಲ. ಯಾಕೆಂದರೆ ಮಳೆ ಖಾತ್ರಿ, ಬೀಳುವುದು ಖಾತ್ರಿಯಿಲ್ಲ. ಒದ್ದೆಯಾದರೆ ಒಣಗಿಸಿಕೊಳ್ಳಬಹುದಾದ ಮೈಗೆ ಇಷ್ಟು ಕಾಳಜಿ, ಒಡೆದರೆ ಕೂಡಿಸಲಾಗದ ತಲೆಗೆ ಇಲ್ಲ. ಹಾಗಾಗಿ ತೊಂದರೆ ಸಹಿಸುವ ಶಕ್ತಿ ನಮಗಿಲ್ಲ ಎಂಬುದು ಒಪ್ಪುವ ಮಾತಲ್ಲ. ಹೆಲ್ಮೆಟ್ಟಿನಿಂದ ಕುತ್ತಿಗೆ ಮುರಿಯುತ್ತದೆ ಎಂಬ ಮಾತಿಗಂತೂ ಮೇಲೆ ಹೇಳಿದ ಪರಾಮರ್ಶೆಯಲ್ಲಿ ಆಧಾರ ಸಿಗಲಿಲ್ಲ.

ಇವೆಲ್ಲಕ್ಕಿಂತ ತೂಕದ ಆಕ್ಷೇಪ ಬೇರೆಯೇ ಇದೆ. ರಸ್ತೆಯಲ್ಲಿ ಹೊಂಡ ಬಿಟ್ಟವರಿಗೆ ದಂಡವಿಲ್ಲ, ಹೆದ್ದಾರಿಯಲ್ಲಿ ಯು-ಟರ್ನ್ ದೂರವಿಟ್ಟು ಜನರನ್ನು ಎದುರು ದಿಕ್ಕಿನಲ್ಲಿ ಬರುವಂತೆ ಮಾಡಿದವರಿಗೆ ದಂಡವಿಲ್ಲ, ಟೈಮಿಂಗ್‌ಗಾಗಿ ನುಗ್ಗುವ ಬಸ್ಸಿಗೆ ಹೇಳುವವರಿಲ್ಲ. ಹೆಲ್ಮೆಟ್ ಇಲ್ಲದ ಬಡಪಾಯಿ ಮಾತ್ರ 500 ರೂಪಾಯಿ ಕೊಡಬೇಕು. ಈ ಸಿಟ್ಟಿನಲ್ಲಿ ನ್ಯಾಯವಿದೆ. ಅಪಘಾತ ಆಗದಂತೆ ನೋಡಿಕೊಳ್ಳುವುದು ಮೊದಲ ಕೆಲಸ, ಆದ ಮೇಲೆ ಕಾಯುವುದು ಎರಡನೆಯದು. ಹೆಲ್ಮೆಟ್ ಯಾವ ಹೊಂಡವನ್ನೂ ಮುಚ್ಚುವುದಿಲ್ಲ, ಸರ್ಕಾರ ಅದರ ಹಿಂದೆ ಅಡಗಿಕೊಳ್ಳಲೂ ಬಾರದು. ಆದರೆ ರಸ್ತೆ ಸರಿಯಾಗುವವರೆಗೆ ತಲೆ ಬರಿದಾಗಿರಲಿ ಎಂಬುದು ಈ ವಾದದಿಂದ ಹೊರಡುವ ತೀರ್ಮಾನವಲ್ಲ. ರಸ್ತೆ ಕೆಟ್ಟಷ್ಟೂ ರಕ್ಷಣೆ ಹೆಚ್ಚು ಬೇಕು ಎಂಬುದೇ ಹೊರಡುವುದು. ಪಡುಬಿದ್ರಿ–ಕಾರ್ಕಳ ರಸ್ತೆಯ ಕಂಚಿನಡ್ಕದಲ್ಲಿ ಟೋಲ್ ಬೇಡವೆಂದು 2024ರಲ್ಲಿ ಈ ಭಾಗದ ಜನ ಒಟ್ಟಾಗಿ ಬೀದಿಗಿಳಿದರು. ಅಂಥ ಒಗ್ಗಟ್ಟಿನಲ್ಲಿ ಒಳ್ಳೆಯ ರಸ್ತೆಯನ್ನೂ ಕೇಳಬೇಕು. ಅದು ಸಿಗಲು ವರ್ಷಗಳು ಬೇಕು; ಹೆಲ್ಮೆಟ್ ಇವತ್ತು ಸಂಜೆಯಿಂದಲೇ ಕೆಲಸ ಮಾಡುತ್ತದೆ.

"ನನ್ನ ತಲೆ, ನನ್ನಿಷ್ಟ" ಎಂಬ ಸ್ವಾತಂತ್ರ್ಯದ ವಾದ ಸಾವಿನ ಬಗ್ಗೆ ಮಾತ್ರ ಯೋಚಿಸುತ್ತದೆ. ತಲೆಪೆಟ್ಟಿನವರು ಅನೇಕರು ಸಾಯುವುದಿಲ್ಲ. ಮಾತು ಹೋಗಿ, ನೆನಪು ಹೋಗಿ, ಮಲಗಿದಲ್ಲೇ ವರ್ಷಗಳನ್ನು ಕಳೆಯುತ್ತಾರೆ. ಮಕ್ಕಳು ಮುಂಬಯಿಯಲ್ಲೋ ಗಲ್ಫಿನಲ್ಲೋ ಇದ್ದು, ಊರಿನಲ್ಲಿ ವಯಸ್ಸಾದವರನ್ನು ಆಸ್ಪತ್ರೆಗೆ, ಬ್ಯಾಂಕಿಗೆ ಕರೆದೊಯ್ಯಲು ಒಬ್ಬನೇ ಸವಾರ ಉಳಿದ ಮನೆಗಳು ಇಲ್ಲಿ ಎಷ್ಟಿಲ್ಲ? ಅವನ ತಲೆ ಆ ಮನೆಯ ಆಸ್ತಿ. ಇನ್ನು ದಂಡದ ವಿಷಯಕ್ಕೆ ಬಂದರೆ, ಕೇಂದ್ರದ ಕಾನೂನು 2019ರಲ್ಲಿ ಸಾವಿರಕ್ಕೆ ಏರಿಸಿದ್ದನ್ನು ಕರ್ನಾಟಕ ಅದೇ ವರ್ಷ 500ಕ್ಕೆ ಇಳಿಸಿತು. ಇಳಿಸಿದ್ದು ಸರಿಯೋ ತಪ್ಪೋ ಎಂಬುದು ಈಗ ದೊಡ್ಡ ಪ್ರಶ್ನೆಯಾಗಿ ಕಾಣುವುದಿಲ್ಲ. ದಂಡದ ಮೊತ್ತದಿಂದ ಹೆಲ್ಮೆಟ್ಟಿನ ಬೆಲೆ ಕಟ್ಟುವವರೆಗೆ ಅದು ಪೊಲೀಸರು ಕಾಣುವ ಜಂಕ್ಷನ್ನಿನಲ್ಲಿ ಮಾತ್ರ ತಲೆಗೇರುತ್ತದೆ.

ಗಾಡಿ ಕೊಳ್ಳುವಾಗಲೇ ಐಎಸ್ಐ ಗುರುತಿನ ಹೆಲ್ಮೆಟ್ ಕೊಡಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಅದನ್ನು ಕೇಳಿ ಪಡೆಯಿರಿ. ಸೀಟ್ ಕವರಿಗೆ, ಸ್ಟಿಕ್ಕರಿಗೆ ಕೊಡುವ ಹಣದಲ್ಲಿ ಹಿಂದೆ ಕೂರುವವರಿಗೆ ಇನ್ನೊಂದನ್ನು ಕೊಳ್ಳಿ, ಮಗುವಿದ್ದರೆ ಅದರ ತಲೆಯ ಅಳತೆಯದನ್ನೂ ತನ್ನಿ. ಮನೆಯಲ್ಲಿ ಗಾಡಿ ಹತ್ತುವ ತಲೆಗಳು ಎಷ್ಟೋ ಅಷ್ಟು ಹೆಲ್ಮೆಟ್ ಇರಲಿ, ಹಾಲಿಗೆ ಹೋಗುವಾಗಲೂ ಪಟ್ಟಿ ಬಿಗಿದಿರಲಿ.