ಬಿಸಿಲೂ ಮೂಲಿಕೆಯೂ
ಯಾದಗಿರಿ, ಶಹಾಪುರ, ಸುರಪುರಗಳ ಬೇಸಿಗೆ 40 ಡಿಗ್ರಿ ಮೀರಿದಾಗಲೂ ಹೊಲಗದ್ದೆಗಳಲ್ಲಿ ದುಡಿಯುವ ಹೆಂಗಸರ ಮೊಗದ ಮೇಲೆ ಅಕಾಲವಾರ್ಧಕ್ಯದ ಗೆರೆಗಳು ಮೂಡುವುದಕ್ಕೆ ಕಾರಣವು ಕೇವಲ ತಾಪವಲ್ಲ, ಚರ್ಮದ ಒಳಪದರವನ್ನು ಹೊಕ್ಕು ಕೊಲಾಜನ್ ತಂತುಗಳನ್ನು ಶಿಥಿಲಗೊಳಿಸುವ ಅತಿನೇರಳೆ ಕಿರಣಗಳು. ಅರಿಸಿನ, ನೆಲ್ಲಿ, ಹಸಿರು ಚಹಾಗಳ ಸಾರದಲ್ಲಿರುವ ಪಾಲಿಫಿನಾಲ್‌ಗಳು ಆ ಕಿರಣಗಳಿಂದುಂಟಾಗುವ ಉತ್ಕರ್ಷಣದ ಹಾನಿಯನ್ನು ತಗ್ಗಿಸಬಲ್ಲವೆಂಬುದು ಪ್ರಯೋಗಶಾಲೆಯಲ್ಲಿ ಕಂಡ ಸಂಗತಿಯೇ ಆದರೂ, ಕಿರಣವನ್ನೇ ತಡೆಯುವ ಶಕ್ತಿ ಅವುಗಳಿಗೆ ಅತ್ಯಲ್ಪವಾದುದರಿಂದ, ಲೇಪನದ ಡಬ್ಬಿಯ ಮೇಲೆ ಎಲೆಯ ಚಿತ್ರವಿದ್ದ ಮಾತ್ರಕ್ಕೆ ರಕ್ಷಣೆ ದೊರೆತಂತಾಗದು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಬಟ್ಟೆ ಸುತ್ತಿ ಹೊಲಕ್ಕಿಳಿಯುವ ನಮ್ಮ ಕೂಲಿಕಾರ್ತಿಯ ವಿವೇಕವು (ಇದಕ್ಕಾರೂ ಜಾಹೀರಾತು ಕೊಡುವುದಿಲ್ಲ!) ಬೆಲೆಯುಳ್ಳ ಲೇಪನಗಳಿಗಿಂತ ಹೆಚ್ಚು ನಂಬತಕ್ಕದ್ದು. ನಡುಹಗಲಿನ ಕೆಲಸಕ್ಕೆ ಬಿಡುವನ್ನೂ ವಿಶ್ರಾಂತಿಗೆ ನೆರಳನ್ನೂ ಒದಗಿಸುವುದು ಮಾತ್ರ ಆಕೆಯ ಕೈಯಲ್ಲಿಲ್ಲ. ಅದು ಹೊಲದೊಡೆಯರ, ಪಂಚಾಯಿತಿಗಳ ಹೊಣೆ.