ಕೊಲೆಗಡುಕರಿಗೆ ವೇದಿಕೆ ಬೇಡ: ನಮ್ಮ ಹಕ್ಕೊತ್ತಾಯಗಳು

ಸಾಮಾಜಿಕ ಜಾಲತಾಣ ಕಂಪನಿಗಳಿಗೆ, ಕೇಂದ್ರ ಹಾಗೂ ರಾಜ್ಯ ಸರ್ಕಾರಗಳಿಗೆ,

2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಮಸೀದಿಗೆ ನುಗ್ಗಿದವನು ಫೇಸ್‌ಬುಕ್ ಲೈವ್ ಹಾಕಿಕೊಂಡೇ ನುಗ್ಗಿದ. ಎರಡು ಮಸೀದಿಗಳಲ್ಲಿ ಸತ್ತವರು 51 ಮಂದಿ. ನೇರಪ್ರಸಾರ ನೋಡಿದವರು ಇನ್ನೂರಕ್ಕೂ ಕಡಿಮೆ. ಮೊದಲ 24 ಗಂಟೆಗಳಲ್ಲಿ ಫೇಸ್‌ಬುಕ್ ತಡೆದ, ತೆಗೆದ ಪ್ರತಿಗಳು ಮಾತ್ರ 15 ಲಕ್ಷ. ಕೊಂದವನಿಗೆ ಬೇಕಿದ್ದದ್ದೂ ಈ ಹಂಚುವ ಕೈಗಳೇ. ದೂರದ ಕತೆಯೆನ್ನಬೇಡಿ: ಐಸಿಸ್ ಪರ ‘ಶಮಿ ವಿಟ್ನೆಸ್’ ಟ್ವಿಟರ್ ಖಾತೆಯ ಜಾಡು 2014ರಲ್ಲಿ ಬಂದು ಮುಟ್ಟಿದ್ದು ಬೆಂಗಳೂರಿಗೆ.

1. ಕನ್ನಡ ಬಲ್ಲ ಪರಿಶೀಲಕರು ಎಷ್ಟು ಮಂದಿ ಇದ್ದಾರೆಂದು ಪ್ರತಿ ಕಂಪನಿಯೂ ವರ್ಷಕ್ಕೊಮ್ಮೆ ಪ್ರಕಟಿಸಬೇಕು. ಮ್ಯಾನ್ಮಾರ್‌ನಲ್ಲಿ ರೋಹಿಂಗ್ಯಾಗಳ ಮೇಲೆ ದ್ವೇಷ ಕುದಿಯುತ್ತಿದ್ದಾಗ, 2015ರ ಆರಂಭದಲ್ಲಿ, ಫೇಸ್‌ಬುಕ್‌ಗಾಗಿ ಬರ್ಮೀಸ್ ಪೋಸ್ಟ್ ಪರಿಶೀಲಿಸುತ್ತಿದ್ದವರು ಇಬ್ಬರೇ. ಇಂಗ್ಲಿಷ್ ಲಿಪಿಯಲ್ಲಿ ಬರೆದ ಕನ್ನಡದ ಬೆದರಿಕೆ, ತುಳು, ಬ್ಯಾರಿ, ದಖನಿ ಮಾತಿನ ಒಳೇಟು ಯಂತ್ರಕ್ಕೆ ತಿಳಿಯದು. ಆಯಾ ಸೀಮೆಯವರನ್ನೇ ನೇಮಿಸಿ.

2. ಅಳಿಸುವುದು ಆಮೇಲಿನ ಮಾತು, ಮೊದಲು ತಳ್ಳುವುದನ್ನು ನಿಲ್ಲಿಸಿ. ಹುಡುಗನೊಬ್ಬ ಒಂದು ದ್ವೇಷದ ವಿಡಿಯೊ ನೋಡಿದರೆ ಅದಕ್ಕಿಂತ ಖಾರವಾದದ್ದನ್ನು ಮುಂದಿಡುವುದು ನಿಮ್ಮ ಶಿಫಾರಸು ವ್ಯವಸ್ಥೆ. 18 ವರ್ಷದೊಳಗಿನವರಿಗೆ ಅದು ತಾನಾಗಿಯೇ ಬಂದ್ ಆಗಿರಲಿ.

3. 2022ರಲ್ಲಿ ಅಮೆರಿಕದ ಬಫಲೊದಲ್ಲಿ ಗುಂಡಿನ ದಾಳಿಯ ಪ್ರಸಾರವನ್ನು ನೇರಪ್ರಸಾರ ತಾಣ ಟ್ವಿಚ್ ಎರಡೇ ನಿಮಿಷದಲ್ಲಿ ನಿಲ್ಲಿಸಿತು. ಅಷ್ಟರಲ್ಲಿ ಪ್ರತಿಗಳು ಬೇರೆ ತಾಣಗಳಿಗೆ ಹಾರಿಯಾಗಿತ್ತು. ಇಂಥ ವಿಡಿಯೊಗಳ ಡಿಜಿಟಲ್ ಗುರುತನ್ನು ಹಂಚಿಕೊಳ್ಳುವ ವ್ಯವಸ್ಥೆಯನ್ನು ದೊಡ್ಡ ಕಂಪನಿಗಳು ಆಗಲೇ ಕಟ್ಟಿಕೊಂಡಿವೆ. ಸಣ್ಣಪುಟ್ಟ ಆ್ಯಪ್‌ಗಳನ್ನೂ ಅದರೊಳಗೆ ತನ್ನಿ.

4. ತೆಗೆದದ್ದನ್ನು ಸುಟ್ಟುಹಾಕಬೇಡಿ. 2017ರಲ್ಲಿ ಯೂಟ್ಯೂಬ್‌ನ ಯಂತ್ರಗಳು ಉಗ್ರರ ವಿಡಿಯೊ ಹುಡುಕಹೋಗಿ ಸಿರಿಯಾದ ಯುದ್ಧಾಪರಾಧಗಳ ದಾಖಲೆಗಳನ್ನೂ ಅಳಿಸಿದವು. ಸಾಕ್ಷ್ಯವನ್ನು ಮೊಹರು ಹಾಕಿ ಕಾದಿಡಿ, ನ್ಯಾಯಾಲಯ ಕೇಳಿದಾಗ ಕೊಡಿ.

5. ಇದು ಸರ್ಕಾರಗಳಿಗೆ. ಉಗ್ರವಾದದ ಹೆಸರಿನಲ್ಲಿ ವರದಿಗಾರರ, ರೈತರ, ವಿದ್ಯಾರ್ಥಿಗಳ ಬಾಯಿ ಕಟ್ಟಬೇಡಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ ಪೋಸ್ಟ್, ಖಾತೆಗಳನ್ನು ತಡೆಹಿಡಿಯುವ ಆದೇಶಗಳು ಗುಟ್ಟಾಗಿಯೇ ಉಳಿದರೆ ಯಾರು ನಂಬಬೇಕು? ಖಾತೆದಾರನಿಗೆ ಆದೇಶದ ಪ್ರತಿ ಸಿಗಲಿ, ಅವನ ಮಾತನ್ನೂ ಕೇಳಿ. ಒಬ್ಬನ ಪೋಸ್ಟಿಗೆ ಇಡೀ ಜಿಲ್ಲೆಯ ಇಂಟರ್ನೆಟ್ ಕಡಿಯಬೇಡಿ.

6. ಪೋಸ್ಟ್ ಪರಿಶೀಲಿಸಲು ದಿನವಿಡೀ ಹಿಂಸೆಯ ದೃಶ್ಯ ನೋಡುವ ಗುತ್ತಿಗೆ ನೌಕರರಿಗೆ ಮನೋವೈದ್ಯರ ನೆರವು, ತಕ್ಕ ಸಂಬಳ ಸಿಗಲಿ.

7. ಟಿವಿಯವರಿಗೂ ಒಂದು ಮಾತು: ಕ್ರೈಸ್ಟ್‌ಚರ್ಚ್ ಹಂತಕನ ಹೆಸರನ್ನು ಎತ್ತುವುದೇ ಇಲ್ಲವೆಂದರು ಅಂದಿನ ಪ್ರಧಾನಿ ಜಸಿಂಡಾ ಆರ್ಡರ್ನ್. ನೀವೂ ಹಂತಕರ ವಿಡಿಯೊ ತೋರಿಸಬೇಡಿ, ಮಸುಕು ಮಾಡಿಯೂ ಬೇಡ.

ಅರವತ್ತು ದಿನಗಳೊಳಗೆ ಕನ್ನಡದಲ್ಲಿ ಲಿಖಿತ ಉತ್ತರ ಕೊಡಬೇಕು.