ಚೀಲದ ತೂಕ ದೇವರು ಬರೆದದ್ದಲ್ಲ

"ಹಮಾಲರಿಗೆ ಅದೆಲ್ಲ ರೂಢಿ ಆಗಿರ್ತೈತ್ರಿ, ಅಕ್ಕೋರ" ಎಂದರು ಗಂಗಾವತಿಯ ನಮ್ಮ ನೆರೆಮನೆಯಾಕೆ. ಅಪ್ಪ ನಡು ಹಿಡಿದು ಮಲಗಿದನೆಂದು ನನ್ನ ತರಗತಿಯ ಹುಡುಗನೊಬ್ಬ ಶಾಲೆ ಬಿಟ್ಟ ಸುದ್ದಿಯನ್ನು ನಾನು ಹೇಳಿದ್ದೆ.

ರೂಢಿಯಾಗುವುದು ಮನಸ್ಸಿಗೆ, ಬೆನ್ನುಮೂಳೆಗಲ್ಲ. ಅತಿಭಾರ ಎತ್ತಿ ಎತ್ತಿ ಮೂಳೆಗಳ ನಡುವಿನ ಮೆತ್ತೆ ಸವೆಯುತ್ತದೆ, ಜಾರುತ್ತದೆ.

ತುಂಗಭದ್ರೆಯ ಕಾಲುವೆ ಬಂದು ನಮ್ಮ ಸೀಮೆ ಭತ್ತದ ಕಣಜವಾಯಿತು. ಆ ಭತ್ತದ ವ್ಯಾಪಾರ 75 ಕೆ.ಜಿ. ಚೀಲದ ಲೆಕ್ಕದಲ್ಲಿ. ಗಂಡಾಳು ಹೊರುವ ಭಾರ 55 ಕೆ.ಜಿ. ಮೀರಿದ್ದರೆ ಬೇಗ ಇಳಿಸಿರೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿತು. ಹೊರೆಯ ಮಿತಿಯ ಕುರಿತ ಅದೇ ವರ್ಷದ ಒಪ್ಪಂದವನ್ನು ಭಾರತ 2010ರಲ್ಲಿ ಅನುಮೋದಿಸಿತು. ಚೀಲ ಮಾತ್ರ ಹಗುರಾಗಲಿಲ್ಲ.

ಸಣ್ಣ ಚೀಲ ಮಾಡಿದರೆ ಹಮಾಲಿ ಖರ್ಚು ಹೆಚ್ಚುತ್ತದಂತೆ! ಹೆಚ್ಚಲಿ. 150 ಕೆ.ಜಿ.ಗೆ ಎರಡು ಚೀಲದ ಕೂಲಿ ಬದಲು ಮೂರು ಚೀಲದ ಕೂಲಿ ಆದೀತು. ಒಂದು ಸಂಸಾರ ಕೂತುಹೋಗುವುದಕ್ಕಿಂತ ಅದು ದುಬಾರಿಯೇ?

ಅಂಗಡಿಯಿಂದ ಬಂದ 25 ಕೆ.ಜಿ. ಅಕ್ಕಿಚೀಲ ಒಳಗಿಡಲು ನಾವು ಮಗನನ್ನು ಕೂಗುತ್ತೇವೆ. "ನಡು ಜೋಪಾನ" ಎಂದೂ ಹೇಳುತ್ತೇವೆ. ಅದರ ಮೂರು ಪಟ್ಟು ಹೊರುವವನೂ ಒಬ್ಬ ತಾಯಿಯ ಮಗನೇ, ಅಲ್ಲವೇನ್ರೀ?